ಯಾರ ಮಾತೋ ಅವರ ಹೆಸರೇ ಇರಲಿ: ಕೆರೆ ಪಾರ್ಕಿನ ಕಲ್ಲುಗಳ ಬಗ್ಗೆ ನಗರಸಭೆಗೆ ಒಂದು ಬಹಿರಂಗ ಪತ್ರ

ಮಾನ್ಯ ಪೌರಾಯುಕ್ತರಿಗೆ ಮತ್ತು ನಗರಸಭೆಯ ಎಲ್ಲ ಸದಸ್ಯರಿಗೆ,

ನಮಸ್ಕಾರ.

ನಾನು ನಿಮ್ಮ ಕಚೇರಿಯ ಎದುರು ಸಾಲಿನಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿರುವವಳು. ಮದುವೆ ಕಾರ್ಡು, ಬಾಡಿಗೆ ಕರಾರು, ಖಾತೆ ಬದಲಾವಣೆಯ ಅರ್ಜಿ, ಕಾಲೇಜಿನವರ ಪಿಎಚ್‌ಡಿ ಪ್ರಬಂಧ, ಎಲ್ಲ ಟೈಪ್ ಮಾಡುತ್ತೇನೆ. 18 ವರ್ಷ ಆಯಿತು. ಈ ಪತ್ರಕ್ಕಿಂತ ಮೊದಲು ಎರಡು ಸಲ ಲಿಖಿತ ಅರ್ಜಿ ಕೊಟ್ಟಿದ್ದೇನೆ. ಟಪಾಲು ವಿಭಾಗದ ಸೀಲು ಬಿದ್ದ ಪ್ರತಿಗಳು ನನ್ನ ಹತ್ತಿರ ಇವೆ. ಮೂರನೇ ಸಲ ಖುದ್ದಾಗಿ ಬಂದು ಬೆಂಚಿನ ಮೇಲೆ ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದೆ. ಉತ್ತರ ಬರಲಿಲ್ಲ. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ವಿಷಯ ಕೆರೆ ಪಾರ್ಕಿನ ಕಲ್ಲುಗಳದ್ದು. ವಾಕಿಂಗ್ ದಾರಿಯ ಪಕ್ಕ 24 ಕಪ್ಪು ಗ್ರಾನೈಟ್ ಕಲ್ಲು ನಿಲ್ಲಿಸಿದ್ದೀರಿ. ಒಂದೊಂದರ ಮೇಲೂ ಒಂದೊಂದು ನೀತಿಯ ಮಾತು, ಕೆಳಗೆ ಅದನ್ನು ಹೇಳಿದವರ ಹೆಸರು. ಯೋಚನೆ ತುಂಬ ಒಳ್ಳೆಯದು, ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ. ಬೆಳಿಗ್ಗೆ ಅಜ್ಜ ಅಜ್ಜಿಯರು ನಿಂತು ಓದುತ್ತಾರೆ. ಸಂಜೆ ಮಕ್ಕಳು ಅಕ್ಷರ ಕೂಡಿಸಿ ಓದುತ್ತವೆ. ಆದರೆ 24ರಲ್ಲಿ 7 ಕಲ್ಲು ತಪ್ಪು. ಕಾಗುಣಿತದ ತಪ್ಪಲ್ಲ. ಒಬ್ಬರ ಮಾತನ್ನು ಇನ್ನೊಬ್ಬರ ಹೆಸರಿಗೆ ಬರೆದಿದ್ದಾರೆ, ಇಲ್ಲವೇ ಯಾರೂ ಹೇಳದ ಮಾತಿಗೆ ದೊಡ್ಡವರ ಹೆಸರು ಅಂಟಿಸಿದ್ದಾರೆ.

ಇದು ನನಗೆ ಹೇಗೆ ಗೊತ್ತು ಅಂದರೆ, ಆ ಅಕ್ಷರಗಳನ್ನು ಕತ್ತರಿಸಿದವಳು ನಾನೇ. ಗ್ರಾನೈಟ್ ಮೇಲೆ ಅಕ್ಷರ ಕೂರಿಸುವ ಕೆಲಸ ಎಲ್ಲರಿಗೂ ಗೊತ್ತಿರುವುದಿಲ್ಲ. ಮೊದಲು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ವಿನೈಲ್ ಹಾಳೆಯ ಮೇಲೆ ಮೆಷಿನ್ನಿನಿಂದ ಕತ್ತರಿಸಬೇಕು. ಆಮೇಲೆ ಅಕ್ಷರದ ಭಾಗವನ್ನು ಸೂಜಿಯಿಂದ ಎತ್ತಿ ತೆಗೆಯಬೇಕು. ಒತ್ತಕ್ಷರ ಇದ್ದರೆ ಕಣ್ಣು ಸೋತುಹೋಗುತ್ತದೆ. ಆ ಹಾಳೆಯನ್ನು ಕಲ್ಲಿಗೆ ಅಂಟಿಸಿ ಮರಳು ಹಾರಿಸಿದರೆ ತೆರೆದ ಜಾಗ ಮಾತ್ರ ಕೊರೆಯುತ್ತದೆ, ಅದರೊಳಗೆ ಬಣ್ಣ ತುಂಬುತ್ತಾರೆ. ಒಂದು ಸಲ ಕೊರೆದರೆ ಮುಗಿಯಿತು, ಅಳಿಸುವ ಹಾಗಿಲ್ಲ. ಅದಕ್ಕೇ ನಾನು ಕತ್ತರಿಸುವ ಮೊದಲು ಎರಡೆರಡು ಸಲ ಓದುತ್ತೇನೆ. ಗುತ್ತಿಗೆದಾರರು ಕೊಟ್ಟ ಪಟ್ಟಿ ವಾಟ್ಸಾಪ್‌ನಿಂದ ತೆಗೆದದ್ದು. ಓದುತ್ತಾ ಹೋದ ಹಾಗೆ ಅನುಮಾನ ಬಂತು, ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟು: "ಅಕ್ಕಾ, ಕಲ್ಲು ಬಂದು ಬಿದ್ದಿವೆ, ಉದ್ಘಾಟನೆ ಹತ್ತಿರ ಬಂತು. ಒಳ್ಳೆ ಮಾತು ತಾನೆ? ಯಾರದ್ದಾದರೇನು?"

ನಾನು ಕತ್ತರಿಸಿ ಕೊಟ್ಟೆ. ಆ ದಿನ ಒಪ್ಪಿಕೊಳ್ಳಬಾರದಿತ್ತು. ಆ ತಪ್ಪು ನನ್ನದು, ಅದರಲ್ಲಿ ಪಾಲು ಹಂಚಲು ಇಲ್ಲಿ ಬಂದಿಲ್ಲ. ಆದರೆ ಅವರ ಪ್ರಶ್ನೆ ಮಾತ್ರ ತಲೆಯಿಂದ ಹೋಗಲಿಲ್ಲ. ಯಾರದ್ದಾದರೇನು? ಈ ಪತ್ರ ಅದಕ್ಕೇ ಉತ್ತರ.

ಹನ್ನೊಂದನೇ ಕಲ್ಲು ನೋಡಿ. ಅದರ ಮೇಲೆ ಹೀಗಿದೆ: "ಆಚಾರಕರಸಾಗು, ನೀತಿಗೆ ಪ್ರಭುವಾಗು, ಮಾತಿನಲಿ ಚೂಡಾಮಣಿಯಾಗು, ಜ್ಯೋತಿಯೇ ಆಗು ಜಗಕೆಲ್ಲ, ಸರ್ವಜ್ಞ."

ಈ ಮಾತು ಸರ್ವಜ್ಞನದ್ದಲ್ಲ. ಇದು ನಮ್ಮ ಹೆಂಗಸರ ಜೋಗುಳದ ತ್ರಿಪದಿ. ಅದರಲ್ಲಿ "ಚೂಡಾಮಣಿಯಾಗು" ಆದ ಮೇಲೆ ಇನ್ನೆರಡು ಪದ ಇವೆ: "ನನ ಕಂದ." ಪಟ್ಟಿ ಮಾಡಿದವರು ಆ ಎರಡು ಪದ ತೆಗೆದುಹಾಕಿ ಕೊನೆಗೆ ಸರ್ವಜ್ಞ ಅಂತ ಸೇರಿಸಿದ್ದಾರೆ. ನಮ್ಮ ಅಜ್ಜಿಗೆ ಓದು ಬರುತ್ತಿರಲಿಲ್ಲ. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕೂತು, ಒಂದು ಕಾಲು ಮಡಚಿ, ಒಂದು ಕಾಲು ಚಾಚಿ, ಚಾಚಿದ ಕಾಲಿನ ಮೇಲೆ ನನ್ನ ತಮ್ಮನನ್ನು ಮಲಗಿಸಿಕೊಂಡು ಇದನ್ನೇ ಹಾಡುತ್ತಿದ್ದಳು. ಗೂಟ ಒಂದು ಸುತ್ತು ಬಂದರೆ ಒಂದು ಸಾಲು. "ನನ ಕಂದ" ಅನ್ನುವಾಗ ಕೈ ಒಂದು ಗಳಿಗೆ ನಿಲ್ಲುತ್ತಿತ್ತು, ಹಿಟ್ಟಿನ ಕೈಯನ್ನೇ ಮಗುವಿನ ತಲೆ ಮೇಲೆ ಇಟ್ಟು ಮತ್ತೆ ಬೀಸುತ್ತಿದ್ದಳು. ಆ ಎರಡು ಪದ ಇದ್ದರೆ ಅದು ಹರಕೆ. ತಾಯಿ ಮಗುವಿಗೆ ಹೇಳುವ ಮಾತು. ಆ ಪದ ತೆಗೆದರೆ ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದೇ ಗೊತ್ತಾಗುವುದಿಲ್ಲ, ಸುಮ್ನೆ ಒಂದು ಆಜ್ಞೆಯ ಹಾಗೆ ಕೇಳಿಸುತ್ತದೆ.

ಮುಂದಿನ ಕಲ್ಲು ಇನ್ನೂ ವಿಚಿತ್ರ. "ಕೆಲವನ್ನು ಬಲ್ಲವರಿಂದ ಕಲಿತು, ಕೆಲವನ್ನು ಶಾಸ್ತ್ರಗಳಿಂದ ಕೇಳಿ, ಕೆಲವನ್ನು ಮಾಡುವವರಿಂದ ಕಂಡು ಮನುಷ್ಯ ಸರ್ವಜ್ಞನಾಗುತ್ತಾನೆ" ಅಂತ ಹೊಸಗನ್ನಡದಲ್ಲಿ ಬರೆದು ಕೆಳಗೆ ಸರ್ವಜ್ಞನ ಹೆಸರು. ಇದು ಸೋಮೇಶ್ವರ ಶತಕದ ಪದ್ಯ, "ಕೆಲವಂ ಬಲ್ಲವರಿಂದ ಕಲ್ತು" ಅಂತ ಶುರುವಾಗುವುದು. ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಈ ಊರಲ್ಲಿ ನೂರಾರು ಜನ ಇದ್ದಾರೆ. ಬರೆದವರು ಪುಲಿಗೆರೆಯ ಸೋಮನಾಥ ಅನ್ನುತ್ತಾರೆ, ಪುಲಿಗೆರೆ ಅಂದರೆ ಈಗಿನ ಲಕ್ಷ್ಮೇಶ್ವರ. ಅದರಲ್ಲಿ "ಸರ್ವಜ್ಞನಪ್ಪಂ ನರಂ" ಅಂತ ಬರುತ್ತದೆ. ಅಲ್ಲಿ ಸರ್ವಜ್ಞ ಅಂದರೆ ಎಲ್ಲ ಬಲ್ಲವನು ಅಂತ ಅಷ್ಟೆ. ಆ ಒಂದು ಪದ ನೋಡಿ ಇಡೀ ಪದ್ಯವನ್ನು ಸರ್ವಜ್ಞ ಕವಿಯ ಖಾತೆಗೆ ಹಾಕಿಬಿಟ್ಟಿದ್ದಾರೆ.

ಸರ್ವಜ್ಞನ ಹೆಸರಿನ ಮೂರನೇ ಕಲ್ಲಂತೂ ಅವನ ವಚನವೇ ಅಲ್ಲ. ಪ್ರಾಸ ಹಾಕಿದ ಐದು ಸಾಲು ಇದೆ. ಅವನದ್ದು ತ್ರಿಪದಿ, ಮೂರು ಸಾಲು. ಬುದ್ಧನ ಹೆಸರಿನಲ್ಲಿ "ಕೋಪ ಇಟ್ಟುಕೊಳ್ಳುವುದು ಅಂದರೆ ತಾನು ವಿಷ ಕುಡಿದು ಇನ್ನೊಬ್ಬರು ಸಾಯಲಿ ಅಂತ ಕಾಯುವುದು" ಅಂತಿದೆ. ಬುದ್ಧನ ಮಾತುಗಳ ಸಂಗ್ರಹ ಧಮ್ಮಪದ, ಅದರ 423 ಗಾಥೆಗಳಲ್ಲಿ ಈ ಮಾತು ಇಲ್ಲ. ಅದರಲ್ಲಿ ಇರುವುದು "ಅಕ್ಕೋಧೇನ ಜಿನೇ ಕೋಧಂ", ಕೋಪವನ್ನು ಕೋಪವಿಲ್ಲದಿರುವುದರಿಂದ ಗೆಲ್ಲು. ಇದು ಚಿಕ್ಕದು, ಗಟ್ಟಿ, ಕಲ್ಲಿನಲ್ಲಿ ಜಾಗವೂ ಕಮ್ಮಿ ಸಾಕು. "ಸೋಮಾರಿಯೇ, ಇರುವೆಯ ಹತ್ತಿರ ಹೋಗಿ ನೋಡಿ ಕಲಿ" ಅನ್ನುವುದಕ್ಕೆ ಚೀನೀ ಗಾದೆ ಅಂತ ಬರೆದಿದ್ದಾರೆ. ಅದು ಬೈಬಲಿನ ಜ್ಞಾನೋಕ್ತಿಗಳ ಆರನೇ ಅಧ್ಯಾಯ. ನಮ್ಮೂರ ಚರ್ಚಿಗೆ ಹೋಗುವ ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು. ಉಪ್ಪು ಕರ್ಪೂರ ನೋಡಲು ಒಂದೇ ಥರ, ರುಚಿ ನೋಡಿದರೆ ಬೇರೆ ಅನ್ನುವ ವೇಮನನ ಪದ್ಯಕ್ಕೆ "ಹಿರಿಯರ ಮಾತು" ಅಂತ ಹಾಕಿದ್ದಾರೆ. ವೇಮನ ಪ್ರತಿ ಪದ್ಯದ ಕೊನೆಗೂ ತನ್ನ ಹೆಸರು ಹೇಳಿಕೊಂಡವನು. ಅವನಿಗೇ ಹೆಸರಿಲ್ಲ.

ಏಳನೆಯದು ಚಾಣಕ್ಯನದ್ದು. ಗುರಿ, ಯಶಸ್ಸು, ನಾಯಕತ್ವ ಅಂತ ಇರುವ ಆ ಸಾಲು ಯಾವುದೋ ಕಂಪನಿಯ ಟ್ರೇನಿಂಗ್ ಕ್ಲಾಸಿನಿಂದ ಬಂದ ಹಾಗಿದೆ. ಚಾಣಕ್ಯನ ಹೆಸರಿನ ನೀತಿ ಶ್ಲೋಕಗಳು ಹಿಂದಿನಿಂದಲೂ ಬೇರೆ ಬೇರೆ ಪಾಠಗಳಲ್ಲಿ ಹರಡಿಕೊಂಡಿವೆ, ಯಾವುದು ಎಲ್ಲಿಂದ ಸೇರಿತು ಅಂತ ಹುಡುಕಲು ಲುಡ್ವಿಕ್ ಸ್ಟರ್ನ್‌ಬಾಕ್ ಅನ್ನುವ ವಿದ್ವಾಂಸರು ಎಷ್ಟೋ ವರ್ಷ ಕೂತಿದ್ದರು. ಹಾಗಿರುವಾಗ ನಾವು ಹೊಸದಾಗಿ ಇನ್ನೊಂದು ಸೇರಿಸುವುದು ಬೇಡ. ಅದೂ ನಮ್ಮ ರಾಜ್ಯದಲ್ಲಿ! ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ 1905ರಲ್ಲಿ ಸಿಕ್ಕಿದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ. ಆರ್. ಶಾಮಾಶಾಸ್ತ್ರಿಗಳು ಅದನ್ನು ಓದಿ, ತಿದ್ದಿ, 1909ರಲ್ಲಿ ಅಚ್ಚು ಮಾಡಿಸಿದರು. ಒಂದು ಗ್ರಂಥವನ್ನು ಅದರ ಹೆಸರಿಗೆ ಮರಳಿಸಲು ಅಷ್ಟು ಕಷ್ಟಪಟ್ಟವರ ನಾಡು ಇದು.

ಇಷ್ಟೆಲ್ಲ ನನಗೆ ಹೇಗೆ ಗೊತ್ತಾಯಿತು ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಕೆಲವು ವರ್ಷದ ಹಿಂದೆ ಒಬ್ಬ ಮೇಷ್ಟ್ರು ಬೇರೆ ಬೇರೆ ದೇಶದ ನೀತಿ ಸಾಹಿತ್ಯದ ಮೇಲೆ ಪಿಎಚ್‌ಡಿ ಮಾಡುತ್ತಿದ್ದರು. ಅವರ ಪ್ರಬಂಧ ಟೈಪ್ ಮಾಡಿದ್ದು ನಾನು. ಎರಡು ವರ್ಷ, ಕೈಬರಹದ ಹಾಳೆ ಬಂದ ಹಾಗೆ. ಟೈಪ್ ಮಾಡುವವರು ಓದುವುದಿಲ್ಲ ಅಂತ ಜನ ತಿಳಿದುಕೊಳ್ಳುತ್ತಾರೆ. ನಾವೇ ಎಲ್ಲರಿಗಿಂತ ಜಾಸ್ತಿ ಓದುವುದು. ಒಂದೊಂದು ಪದವನ್ನೂ ಬಿಡದೆ ಓದಬೇಕಲ್ವಾ? ಅರ್ಥವಾಗದ್ದನ್ನು ಅವರನ್ನೇ ಕೇಳುತ್ತಿದ್ದೆ, ಟೀ ಕುಡಿಯುತ್ತಾ ಹೇಳುತ್ತಿದ್ದರು.

ಆಗ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಈ ಮಾತುಗಳೆಲ್ಲ ಯಾರೋ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು ಅನ್ನುವುದು. ಗಾಳಿಯಲ್ಲಿ ಹೇಳಿದ್ದಲ್ಲ. ಇರಾಕಿನ ಅಬು ಸಲಾಬಿಖ್ ಅನ್ನುವ ಜಾಗದಲ್ಲಿ ಸಿಕ್ಕ ಮಣ್ಣಿನ ಹಲಗೆಗಳಿವೆ, ಸುಮಾರು 4,500 ವರ್ಷ ಹಳೆಯವು. ಅವುಗಳಲ್ಲಿ ಶುರುಪ್ಪಕ್ ಅನ್ನುವ ಅಪ್ಪ ಮಗ ಜಿಯುಸುದ್ರನಿಗೆ ಬುದ್ಧಿ ಹೇಳುತ್ತಾನೆ. ಏನು ಹೇಳುತ್ತಾನೆ ಗೊತ್ತಾ? ಕೂಗುವ ಕತ್ತೆ ಕೊಳ್ಳಬೇಡ. ದಾರಿ ಪಕ್ಕ ಹೊಲ ಮಾಡಬೇಡ. ಇನ್ನೊಬ್ಬರಿಗೆ ಜಾಮೀನು ನಿಲ್ಲಬೇಡ, ನಿಂತರೆ ಅವನ ಕೈಗೆ ಸಿಕ್ಕಿಬೀಳುತ್ತೀಯ. ಜಾಮೀನಿನ ಮಾತು ಟೈಪ್ ಮಾಡುವಾಗ ಕೈ ನಿಂತುಹೋಯಿತು. ನಮ್ಮಪ್ಪ ಸೊಸೈಟಿ ಸಾಲಕ್ಕೆ ಪಕ್ಕದ ಮನೆಯವರಿಗೆ ಜಾಮೀನು ಹಾಕಿ, ಆರು ವರ್ಷ ಕಂತು ಕಟ್ಟಿದವರು. ಸಾಯುವ ಮೊದಲು ನನಗೂ ತಮ್ಮನಿಗೂ ಅದನ್ನೇ ಹೇಳಿದ್ದರು. ಅಪ್ಪ ಮಗನಿಗೆ ಹೇಳಿದ್ದು ಅಂತ ಗೊತ್ತಿದ್ದರಿಂದಲೇ ಆ ಮಾತು ನನಗೆ ತಟ್ಟಿತು. ಬರೀ "ಜಾಮೀನು ನಿಲ್ಲಬೇಡ" ಅಂತ ಬ್ಯಾಂಕಿನ ಗೋಡೆ ಮೇಲೆ ಇದ್ದಿದ್ದರೆ ನೋಡಿ ಮುಂದೆ ಹೋಗುತ್ತಿದ್ದೆ.

ಎಲ್ಲ ಕಡೆಯೂ ಹೀಗೆಯೇ. ಈಜಿಪ್ಟಿನ ಅಮೆನೆಮೋಪೆ ತನ್ನ ಕೊನೆಯ ಮಗನಿಗೆ 30 ಅಧ್ಯಾಯ ಬರೆದ. ಅವನು ಜಮೀನು, ಧಾನ್ಯದ ಲೆಕ್ಕ ನೋಡುವ ಅಧಿಕಾರಿ, ನಮ್ಮ ಕಂದಾಯ ಇಲಾಖೆಯವರ ಹಾಗೆ ಅಂದುಕೊಳ್ಳಿ. ಹೊಲದ ಗಡಿಕಲ್ಲು ಸರಿಸಬೇಡ, ವಿಧವೆಯ ಬದು ಒತ್ತಬೇಡ, ಅಳತೆಯಲ್ಲಿ ಮೋಸ ಮಾಡಬೇಡ ಅನ್ನುತ್ತಾನೆ. ಗಡಿ ಹಾಕುವ ಕೆಲಸದವನೇ ಗಡಿಯ ಬಗ್ಗೆ ಹೇಳಿದಾಗ ಅದರ ತೂಕವೇ ಬೇರೆ. ಗ್ರೀಸಿನ ಕವಿ ಹೆಸಿಯಡ್ ಹೇಳಿದ್ದು ತನ್ನ ಸಹೋದರ ಪರ್ಸೆಸ್‌ಗೆ. ಆಸ್ತಿ ಪಾಲಿನಲ್ಲಿ ಪರ್ಸೆಸ್ ಜಾಸ್ತಿ ಹೊಡೆದುಕೊಂಡಿದ್ದ, ತೀರ್ಪು ಕೊಡುವ ದೊರೆಗಳು ಕಾಣಿಕೆ ತಿಂದಿದ್ದರು. ದುಡಿದು ತಿನ್ನು ಅನ್ನುವ ಅವನ ಮಾತು ಆ ಸಿಟ್ಟಿನಿಂದ ಬಂದದ್ದು. ಮಹಾಭಾರತದಲ್ಲಿ ವಿದುರ ಧೃತರಾಷ್ಟ್ರನಿಗೆ ನೀತಿ ಹೇಳುವುದು ನಿದ್ದೆ ಬಾರದ ಒಂದು ರಾತ್ರಿ. ದಾಸಿಯ ಮಗ, ಹುಟ್ಟುಕುರುಡ ಅಣ್ಣನ ಪಕ್ಕ ಕೂತು, ನೀನು ಮಾಡುತ್ತಿರುವುದು ತಪ್ಪು ಅಂತ ಬೆಳಗಿನ ತನಕ ಹೇಳುತ್ತಾನೆ. ನಮ್ಮ ಕುಮಾರವ್ಯಾಸನ ಉದ್ಯೋಗಪರ್ವದಲ್ಲೂ ಆ ರಾತ್ರಿ ಇದೆ. ವಿದುರನ ಹೆಸರು ಕಿತ್ತು ಆ ಮಾತನ್ನು ಬೇರೆ ಯಾರದ್ದೋ ಹೆಸರಿಗೆ ಹಾಕಿದರೆ ಆ ರಾತ್ರಿಯೂ ಹೋಗುತ್ತದೆ, ಆ ಧೈರ್ಯವೂ ಹೋಗುತ್ತದೆ.

ಇಲ್ಲಿ ಒಂದು ವಿಷಯ ನೇರವಾಗಿ ಒಪ್ಪಿಕೊಳ್ಳಬೇಕು. ಹಿಂದೆಯೂ ಹೆಸರುಗಳು ಅದಲುಬದಲಾಗಿವೆ. ಅಮೆನೆಮೋಪೆಯ ಮಾತುಗಳಿಗೂ ಬೈಬಲಿನ ಜ್ಞಾನೋಕ್ತಿಗಳ 22 ಮತ್ತು 23ನೇ ಅಧ್ಯಾಯಕ್ಕೂ ಎಷ್ಟು ಹೋಲಿಕೆ ಇದೆ ಅಂದರೆ, 1924ರಲ್ಲಿ ಜರ್ಮನಿಯ ಆಡಾಲ್ಫ್ ಎರ್ಮನ್ ಅದನ್ನು ತೋರಿಸಿದ ಮೇಲೆ ವಿದ್ವಾಂಸರು ಇವತ್ತಿಗೂ ಅದರ ಮೇಲೆ ಬರೆಯುತ್ತಿದ್ದಾರೆ. ಆದರೆ ಜ್ಞಾನೋಕ್ತಿಗಳು ಅಂದಕೂಡಲೇ ಜನ ಹೇಳುವುದು ಸೊಲೊಮೋನನ ಹೆಸರು. ಈಜಿಪ್ಟಿನ ಪ್ತಾಹೋಟೆಪ್ ಅನ್ನುವ ಮಂತ್ರಿಯ ಉಪದೇಶ ನಿಜವಾಗಿ ಅವನ ಕಾಲದ್ದಲ್ಲ, ಆಮೇಲಿನವರು ಅವನ ಹೆಸರಿನಲ್ಲಿ ಬರೆದದ್ದು ಅನ್ನುವ ವಿದ್ವಾಂಸರೂ ಇದ್ದಾರೆ. ನಮ್ಮ ಸರ್ವಜ್ಞನ ಹೆಸರಿನಲ್ಲೂ ಬೇಕಾದಷ್ಟು ಸೇರಿಕೊಂಡಿತ್ತು. ಹಾಗಾದರೆ ನಮ್ಮ ಗುತ್ತಿಗೆದಾರರು ಮಾಡಿದ್ದರಲ್ಲಿ ಏನು ತಪ್ಪು?

ಇದಕ್ಕೆ ನನ್ನ ಉತ್ತರ ಹೀಗಿದೆ. ಆಗ ಹೆಸರು ಕಳೆದರೂ ಮಾತನ್ನು ಜೋಪಾನ ಮಾಡಿದರು. ವಿಧವೆಯ ಬದು ಈಜಿಪ್ಟಿನಿಂದ ಇಸ್ರೇಲಿಗೆ ಹೋಗುವಾಗ ತಬ್ಬಲಿಗಳ ಹೊಲ ಆಯಿತು ಅಷ್ಟೆ, ಬಡವರ ನೆಲ ಕಸಿಯಬೇಡ ಅನ್ನುವುದು ಹಾಗೇ ಉಳಿಯಿತು. ನಮ್ಮ ಪಾರ್ಕಿನಲ್ಲಿ ದೊಡ್ಡ ಹೆಸರು ಮಾತ್ರ ಉಳಿಸಿಕೊಂಡು ಅದರ ಕೆಳಗಿನ ಮಾತನ್ನೇ ಬದಲಾಯಿಸಿದ್ದಾರೆ. ಇನ್ನೊಂದು, ಆ ಹಳೆಯವರು ಗೊತ್ತಿದ್ದ ಕಡೆ ಹೆಸರು ಬರೆದೇ ಇಟ್ಟಿದ್ದಾರೆ. ಜ್ಞಾನೋಕ್ತಿಗಳ 25ನೇ ಅಧ್ಯಾಯ ಶುರುವಾಗುವುದೇ ಹೀಗೆ: ಇವೂ ಸೊಲೊಮೋನನ ಮಾತುಗಳು, ಯೆಹೂದದ ಅರಸ ಹಿಜ್ಕೀಯನ ಜನರು ಇವನ್ನು ನಕಲು ಮಾಡಿದರು. ನನ್ನಂಥ ಬರೆಯುವ ಕೆಲಸದವರು ತಾವು ನಕಲು ಮಾಡಿದ್ದನ್ನೂ ಬರೆದಿದ್ದಾರೆ ನೋಡಿ! 30ನೇ ಅಧ್ಯಾಯಕ್ಕೆ ಆಗೂರ ಅನ್ನುವವನ ಹೆಸರು ಹಾಕಿದ್ದಾರೆ. 31ಕ್ಕೆ "ಅರಸ ಲೆಮೂಯೇಲನ ಮಾತುಗಳು, ಅವನ ತಾಯಿ ಅವನಿಗೆ ಕಲಿಸಿದ್ದು" ಅಂತ ಬರೆದಿದ್ದಾರೆ. ಆ ತಾಯಿಯ ಹೆಸರು ಗೊತ್ತಿರಲಿಲ್ಲವೇನೋ. ಆದರೂ ತಾಯಿಯ ಮಾತು ಅನ್ನುವುದನ್ನು ಅಳಿಸಲಿಲ್ಲ. ಬಾಯಿಲ್ಲದವರ ಪರವಾಗಿ ಬಾಯಿ ತೆರೆ ಅಂತ ಮಗನಿಗೆ ಹೇಳಿದವಳು ಅವಳು.

ನಮ್ಮ ಹನ್ನೊಂದನೇ ಕಲ್ಲಿನಲ್ಲಿ ಅಳಿಸಿದ್ದು ಅದನ್ನೇ. ತಾಯಿಯನ್ನು.

ಸರ್ವಜ್ಞನಿಗೂ ಇದು ನ್ಯಾಯವಲ್ಲ. ಉತ್ತಂಗಿ ಚನ್ನಪ್ಪನವರ ಬಗ್ಗೆ ನಿಮಗೆ ಗೊತ್ತಿರಬಹುದು. ಅವರು ಕ್ರೈಸ್ತ ಪಾದ್ರಿ. ಓಲೆಗರಿ, ಹಳೆ ಪುಸ್ತಕ, ಜನರ ಬಾಯಿ, ಎಲ್ಲ ಕಡೆ ಹುಡುಕಿ ಸರ್ವಜ್ಞನ ವಚನಗಳನ್ನು ಒಟ್ಟು ಮಾಡಿ 1924ರಲ್ಲಿ ಹೊರತಂದರು. ಅವರು ಒಂದೊಂದನ್ನೂ ಹೋಲಿಸಿ ನೋಡಿ ಜೋಡಿಸಿದ್ದನ್ನು ನಾವು ನೂರು ವರ್ಷ ಆದ ಮೇಲೆ ಒಂದು ವಾಟ್ಸಾಪ್ ಫಾರ್ವರ್ಡ್‌ನಿಂದ ಕಲಸುವುದು ಸರಿಯಾ? ಸರ್ವಜ್ಞ ತಾನೇ ಹೇಳಿದ್ದು ಏನು?

"ಸರ್ವಜ್ಞನೆಂಬುವನು ಗರ್ವದಿಂದಾದವನೆ
ಸರ್ವರೊಳಗೊಂದೊಂದು ನುಡಿಗಲಿತು ವಿದ್ಯೆಯ
ಪರ್ವತವೇ ಆದ ಸರ್ವಜ್ಞ"

ಎಲ್ಲರಿಂದ ಒಂದೊಂದು ಮಾತು ಕಲಿತೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದವನ ಹೆಸರಿನಲ್ಲಿ ಒಬ್ಬ ತಾಯಿಯ ಮಾತನ್ನು ಕಸಿದುಕೊಂಡ ಹಾಗಾಯಿತು. ಅವನೇ ಇದನ್ನು ಒಪ್ಪುತ್ತಿರಲಿಲ್ಲ.

ಕಲ್ಲುಗಳ ಬಗ್ಗೆ ಇನ್ನೊಂದು ಬೇಜಾರು ಇದೆ, ಅದನ್ನೂ ಹೇಳಿಬಿಡುತ್ತೇನೆ. 24 ಕಲ್ಲೂ ಒಂದೇ ರಾಗ ಹಾಡುತ್ತವೆ. ಕಷ್ಟಪಡು, ಗೆಲ್ಲುತ್ತೀಯ. ಒಳ್ಳೆಯವನಾಗಿರು, ಒಳ್ಳೆಯದಾಗುತ್ತದೆ. ಆ ಪಾರ್ಕಿಗೆ ಬರುವವರಲ್ಲಿ ಒಳ್ಳೆಯವರಾಗಿದ್ದೂ ಒಳ್ಳೆಯದಾಗದವರು ಎಷ್ಟು ಜನ ಇಲ್ಲ? ಡಯಾಲಿಸಿಸ್ ಮಾಡಿಸಿಕೊಂಡು ಬಂದು ಬೆಂಚಿನ ಮೇಲೆ ಕೂರುವವರಿದ್ದಾರೆ. ಮಗನನ್ನು ಕಳೆದುಕೊಂಡ ದಂಪತಿ ದಿನಾ ಬರುತ್ತಾರೆ. ಅವರಿಗೂ ಹೇಳುವ ಮಾತು ಈ ಸಾಹಿತ್ಯದಲ್ಲೇ ಇದೆ. ಬೈಬಲಿನ ಯೋಬನ ಗ್ರಂಥ ಪೂರ್ತಿ ಅದೇ ಪ್ರಶ್ನೆ. ನಾನು ತಪ್ಪು ಮಾಡಿಲ್ಲ, ನನಗೇಕೆ ಹೀಗೆ? ಮೂವರು ಸ್ನೇಹಿತರು ಬಂದು ನೀನು ಏನೋ ಪಾಪ ಮಾಡಿರಬೇಕು ಅನ್ನುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಯೋಬನ ಮೇಲಲ್ಲ, ಆ ಸ್ನೇಹಿತರ ಮೇಲೆ. ಬಾಬಿಲೋನಿನಲ್ಲೂ ಅಂಥ ಕಾವ್ಯ ಇದೆ, ಅಧಿಕಾರ, ಆರೋಗ್ಯ, ಗೆಳೆಯರು ಎಲ್ಲ ಕಳೆದುಕೊಂಡ ಒಬ್ಬ ಮನುಷ್ಯ ದೇವರ ಮನಸ್ಸು ಯಾರಿಗೆ ತಿಳಿಯುತ್ತದೆ ಅಂತ ಕೇಳುವುದು. ನಮ್ಮ ಡಿವಿಜಿಯವರ ಕಗ್ಗದಲ್ಲಿ ಪ್ರಶ್ನೆಗಳೇ ಎಷ್ಟಿಲ್ಲ! ಅಂಥದ್ದು ಒಂದಾದರೂ ಇರಲಿ ಅಂತ ನನ್ನಾಸೆ.

ಈಗ ಮುಖ್ಯವಾಗಿ ಒಂದು ಕಥೆ. ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತಿದ್ದಾಗ ನನಗೆ ನೆನಪಾದದ್ದು ಇದೇ.

ಸುಮಾರು 3,800 ವರ್ಷದ ಹಿಂದೆ ಈಜಿಪ್ಟಿನಲ್ಲಿ ಬರೆದದ್ದು. ಪಪೈರಸ್ ಹಾಳೆಗಳು ಜಾಸ್ತಿ ಬರ್ಲಿನ್ನಿನಲ್ಲಿವೆ. ಖುನ್‌ಅನುಪ್ ಅನ್ನುವ ಬಡವ, ಉಪ್ಪಿನ ಬಯಲಿನ ಕಡೆಯವನು. ಮನೆಯಲ್ಲಿ ಕಾಳು ಮುಗಿಯುತ್ತಾ ಬಂದಿದೆ. ಹೆಂಡತಿಗೆ ಇರುವ ಜವೆಗೋಧಿ ಅಳೆಯಲು ಹೇಳಿ, ಕತ್ತೆಗಳ ಮೇಲೆ ಜೊಂಡು, ಉಪ್ಪು, ಚರ್ಮ ಹೇರಿಕೊಂಡು ಪೇಟೆ ಕಡೆ ಹೊರಡುತ್ತಾನೆ. ದಾರಿಯಲ್ಲಿ ನೆಮ್ತಿನಖ್ತ್ ಅನ್ನುವವನ ಮನೆ. ಅಲ್ಲಿ ದಾರಿ ಕಿರಿದು, ಒಂದು ಕಡೆ ನೀರು, ಇನ್ನೊಂದು ಕಡೆ ಬೆಳೆ. ಕತ್ತೆಗಳ ಮೇಲೆ ಅವನ ಕಣ್ಣು ಬೀಳುತ್ತದೆ. ದಾರಿಗೆ ಅಡ್ಡವಾಗಿ ಒಂದು ಬಟ್ಟೆ ಹಾಸಿಸುತ್ತಾನೆ, ಒಂದು ಅಂಚು ನೀರಿಗೆ, ಇನ್ನೊಂದು ಅಂಚು ಪೈರಿಗೆ. ನನ್ನ ಬಟ್ಟೆ ತುಳಿಯಬೇಡ ಅನ್ನುತ್ತಾನೆ. ಖುನ್‌ಅನುಪ್ ಪೈರಿನ ಅಂಚಿಗೆ ಹತ್ತುತ್ತಾನೆ. ಒಂದು ಕತ್ತೆ ಒಂದು ಬಾಯಿ ಪೈರು ತಿನ್ನುತ್ತದೆ. ಅಷ್ಟು ಸಾಕು, ಹೊಡೆದು ಕತ್ತೆಗಳನ್ನೆಲ್ಲ ಕಿತ್ತುಕೊಳ್ಳುತ್ತಾನೆ.

ಬಡವ ರೆನ್ಸಿ ಅನ್ನುವ ದೊಡ್ಡ ಅಧಿಕಾರಿಯ ಹತ್ತಿರ ಹೋಗುತ್ತಾನೆ. ಎಷ್ಟು ಚೆನ್ನಾಗಿ ಮಾತಾಡುತ್ತಾನೆ ಅಂದರೆ ರೆನ್ಸಿ ಹೋಗಿ ರಾಜನಿಗೆ ಹೇಳುತ್ತಾನೆ. ರಾಜ ಹೇಳುವುದು: ಉತ್ತರ ಕೊಡಬೇಡ, ಮಾತಾಡುತ್ತಾ ಇರಲಿ, ಎಲ್ಲ ಬರೆದುಕೊಳ್ಳಿ. ಅವನ ಹೆಂಡತಿ ಮಕ್ಕಳಿಗೆ ಕಾಳು ಕಳಿಸಿ. ಅವನಿಗೂ ಊಟ ಕೊಡಿ, ನೀವು ಕೊಟ್ಟದ್ದು ಅಂತ ಗೊತ್ತಾಗದ ಹಾಗೆ. ಬಡವನಿಗೆ ಇದು ಯಾವುದೂ ಗೊತ್ತಿಲ್ಲ. ಒಂಬತ್ತು ಸಲ ಬರುತ್ತಾನೆ. ಮಧ್ಯದಲ್ಲಿ ಕಾವಲಿನವರಿಂದ ಏಟೂ ತಿನ್ನುತ್ತಾನೆ. ನೀನು ತಕ್ಕಡಿ, ಓರೆಯಾಗಬೇಡ ಅನ್ನುತ್ತಾನೆ. ನೀನು ದೋಣಿಯ ಚುಕ್ಕಾಣಿ ಅನ್ನುತ್ತಾನೆ. ಒಂಬತ್ತನೇ ಸಲ ಆಶೆ ಬಿಟ್ಟು ಹೊರಟಾಗ ಕರೆಸಿ, ಅವನ ಒಂದೊಂದು ಅರ್ಜಿಯನ್ನೂ ಹೊಸ ಸುರುಳಿಯಿಂದ ಅವನಿಗೇ ಓದಿ ಹೇಳುತ್ತಾರೆ. ಕೊನೆಗೆ ನೆಮ್ತಿನಖ್ತ್‌ನ ಆಸ್ತಿಯೇ ಅವನ ಕೈಗೆ ಬರುತ್ತದೆ.

ಇದನ್ನು ನೀತಿ ಸಾಹಿತ್ಯ ಅಂತಲೇ ಓದುತ್ತಾರೆ. ನ್ಯಾಯ ಅಂದರೇನು ಅನ್ನುವುದನ್ನು ಅಲ್ಲಿ ಮಂತ್ರಿ ಹೇಳುವುದಿಲ್ಲ, ಕತ್ತೆ ಕಳೆದುಕೊಂಡವನು ಅರ್ಜಿಯಲ್ಲಿ ಹೇಳುತ್ತಾನೆ. ಆ ಮಾತು ಆ ಬಡವನ ಬಾಯಿಂದಲೇ ಬರೆದಿಟ್ಟಿದ್ದಾರೆ, ರೆನ್ಸಿಯ ಹೆಸರಿಗೆ ಹಾಕಿಲ್ಲ.

ಇನ್ನು ಆಗಲೇ ಹೇಳಿದ ಪ್ತಾಹೋಟೆಪ್. ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಅವನ ಹೆಸರಿನ ಸುರುಳಿ ಇದೆ. ಮುದಿ ಮಂತ್ರಿ, ಕಣ್ಣು ಮಂಜು, ಕಿವಿ ಮಂದ, ಎಲುಬೆಲ್ಲ ನೋವು, ರಾಜನ ಅಪ್ಪಣೆ ಕೇಳಿ ಮಗನಿಗೆ ಕಲಿಸುತ್ತಾನೆ. ಅದರಲ್ಲಿ ಅಧಿಕಾರದಲ್ಲಿ ಇರುವವರಿಗೆ ಒಂದು ಮಾತಿದೆ. ಅಹವಾಲು ಕೇಳುವ ಜಾಗದಲ್ಲಿ ನೀನಿದ್ದರೆ ಸಮಾಧಾನವಾಗಿ ಕೇಳು. ಬಂದವನು ಹೊಟ್ಟೆಯಲ್ಲಿ ಇರುವುದನ್ನೆಲ್ಲ ಹೇಳಿ ಮುಗಿಸುವ ತನಕ ಗದರಬೇಡ. ನೊಂದವನಿಗೆ ಬಂದ ಕೆಲಸ ಆಗುವುದಕ್ಕಿಂತ ತನ್ನ ಮಾತಿಗೆ ಕಿವಿ ಕೊಟ್ಟರು ಅನ್ನುವುದೇ ಜಾಸ್ತಿ ಬೇಕಾಗಿರುತ್ತದೆ. ಸಾವಿರಾರು ವರ್ಷದ ಹಿಂದಿನ ಮಾತು ಇದು. ಇದನ್ನು ಯಾರನ್ನೂ ಚುಚ್ಚಲು ಬರೆಯುತ್ತಿಲ್ಲ. ನಿಮ್ಮ ಕಚೇರಿಯಲ್ಲಿ ಸಿಬ್ಬಂದಿ ಎಷ್ಟು ಕಮ್ಮಿ, ಕೆಲಸ ಎಷ್ಟು ಅಂತ ಎದುರು ಕೂತ ನನಗೆ ದಿನಾ ಕಾಣುತ್ತದೆ. ಆದರೆ ಎರಡು ಅರ್ಜಿಗೆ ಒಂದು ಸಾಲಿನ ಉತ್ತರ ಬಂದಿದ್ದರೂ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಅದೇ ಸುರುಳಿಯ ಶುರುವಿನಲ್ಲೇ ಇನ್ನೊಂದು ಮಾತಿದೆ. ಒಳ್ಳೆಯ ಮಾತು ಹಸಿರು ರತ್ನಕ್ಕಿಂತ ಆಳದಲ್ಲಿ ಅಡಗಿರುತ್ತದೆ, ಆದರೂ ಬೀಸುವ ಕಲ್ಲಿನ ಹತ್ತಿರ ಇರುವ ದಾಸಿಯರ ಬಳಿ ಸಿಗುತ್ತದೆ. ಇದನ್ನು ಟೈಪ್ ಮಾಡಿದ ದಿನ ಬೇಗ ಅಂಗಡಿ ಮುಚ್ಚಿ ಮನೆಗೆ ಹೋದೆ. ಅಜ್ಜಿಯ ಬೀಸುವ ಕಲ್ಲು ಹಿತ್ತಲಲ್ಲಿ ತುಳಸಿ ಕಟ್ಟೆಗೆ ಒರಗಿಕೊಂಡಿತ್ತು. ಅದನ್ನು ತೊಳೆದು ಒಳಗೆ ತಂದು ಇಟ್ಟೆ.

ಈಗ ನಾನು ಕೇಳುವುದು ಇಷ್ಟು. ಮೊದಲು ಆ 7 ಕಲ್ಲುಗಳನ್ನು ಬದಲಾಯಿಸಿ. ಹೊಸ ಕಲ್ಲು ತರಬೇಕಿಲ್ಲ, ಅದೇ ಕಲ್ಲಿನ ಹಿಂಬದಿಯನ್ನು ಪಾಲಿಶ್ ಮಾಡಿಸಿ ತಿರುಗಿಸಿ ನಿಲ್ಲಿಸಿದರೆ ಆಯಿತು. ಕಲ್ಲಿನ ಕೆಲಸದವರನ್ನು ಕೇಳಿ ಬಂದಿದ್ದೇನೆ, ಆಗುತ್ತದೆ ಅಂದಿದ್ದಾರೆ. ಪ್ರತಿ ಮಾತಿನ ಕೆಳಗೆ ಹೇಳಿದವರ ಹೆಸರಿನ ಜೊತೆ ಯಾವ ಗ್ರಂಥ, ಯಾವ ಭಾಷೆ ಅನ್ನುವುದೂ ಒಂದು ಸಾಲು ಇರಲಿ. ಹೇಳಿದವರು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಇರಲಿ, ಜನಪದ ಅಂತ ಬರೆಯುವುದು ಅವಮಾನವಲ್ಲ. ಮುಂದೆ ಇಂಥ ಕೆಲಸದ ಟೆಂಡರ್ ಕರೆದಾಗ ಪಠ್ಯ ಬೇರೆಯವರು ಪರಿಶೀಲಿಸಿ ಸಹಿ ಹಾಕಿದ ಮೇಲೆಯೇ ಕೆತ್ತಬೇಕು ಅಂತ ಒಂದು ಷರತ್ತು ಸೇರಿಸಿ. ಊರಲ್ಲಿ ಎರಡು ಕಾಲೇಜಿನ ಕನ್ನಡ ವಿಭಾಗ ಇದೆ, ಗ್ರಂಥಾಲಯ ಇದೆ, ಮದರಸಾ, ಚರ್ಚು, ಮಠ ಎಲ್ಲ ಇವೆ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಸೇರಿಸುವುದಾದರೆ ಪಕ್ಕದವರ ಮಾತೂ ಇರಲಿ. ತಮಿಳಿನ ತಿರುವಳ್ಳುವರ್ ಬರೆದ ತಿರುಕ್ಕುರಳಿನ 1330 ಕುರಳುಗಳಲ್ಲಿ ನಮ್ಮ ಪಾರ್ಕಿಗೆ ಒಂದೂ ಬರಲಿಲ್ಲ. ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ 18 ವರ್ಷ ಬಟ್ಟೆ ಸುತ್ತಿಕೊಂಡು ನಿಂತಿದ್ದು, 2009ರ ಆಗಸ್ಟಿನಲ್ಲಿ ಅದನ್ನು ತೆರೆದದ್ದು, ಅದೇ ವಾರ ಚೆನ್ನೈನಲ್ಲಿ ನಮ್ಮ ಸರ್ವಜ್ಞ ನಿಂತದ್ದು ನಿಮಗೆಲ್ಲ ನೆನಪಿರಬೇಕು. ಅವರು ನಮ್ಮವನಿಗೆ ಜಾಗ ಕೊಟ್ಟಿದ್ದಾರೆ. ದುರ್ಗಸಿಂಹ 1031ರ ಹೊತ್ತಿಗೇ ಪಂಚತಂತ್ರವನ್ನು ಕನ್ನಡದಲ್ಲಿ ಬರೆದ. ಬರೆಯುವಾಗ ತಾನು ಅನುಸರಿಸಿದ್ದು ವಸುಭಾಗನ ಪಂಚತಂತ್ರವನ್ನು ಅಂತ ಹೇಳಿಯೇ ಬರೆದ. ಅದೇ ಕಥೆಗಳ ಇನ್ನೊಂದು ಕವಲು ಆರನೇ ಶತಮಾನದಲ್ಲಿ ಪರ್ಷಿಯಾಕ್ಕೆ ಹೋಗಿ, ಎಂಟನೇ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫನ ಕೈಯಲ್ಲಿ ಅರಬ್ಬಿಯ ಕಲೀಲ ವ ದಿಮ್ನ ಆಯಿತು. ಕರಟಕ ದಮನಕ ಅನ್ನುವ ನಮ್ಮ ಎರಡು ನರಿಗಳ ಹೆಸರೇ ಅದು. ಮಕ್ಕಳ ಆಟದ ಜಾಗದ ಹತ್ತಿರ ಆ ನರಿಗಳ ಒಂದು ಕಲ್ಲು ನಿಲ್ಲಿಸಿದರೆ ಎಷ್ಟು ಚೆಂದ ಅಲ್ವಾ?

ನನ್ನ ಕಡೆಯಿಂದ ಒಂದು ಮಾತು. 7 ಕಲ್ಲಿನ ವಿನೈಲ್ ನಾನು ದುಡ್ಡು ತೆಗೆದುಕೊಳ್ಳದೆ ಕತ್ತರಿಸಿ ಕೊಡುತ್ತೇನೆ. ತಿದ್ದಿದ ಪಠ್ಯವನ್ನು ಈ ಪತ್ರದ ಜೊತೆ ಮುದ್ರಿಸಿ ಟಪಾಲಿಗೂ ಹಾಕಿದ್ದೇನೆ. ಪಿಎಚ್‌ಡಿ ಮಾಡಿದ ಮೇಷ್ಟ್ರು ಅದನ್ನು ಓದಿ ಸಹಿ ಹಾಕಿದ್ದಾರೆ. ಹನ್ನೊಂದನೇ ಕಲ್ಲಿನ ಹಾಳೆ ಮಾತ್ರ ಈಗಾಗಲೇ ಕತ್ತರಿಸಿ ಇಟ್ಟಿದ್ದೇನೆ. ಅದರಲ್ಲಿ "ನನ ಕಂದ" ಇದೆ, ಕೆಳಗೆ "ಜೋಗುಳದ ಹಾಡು, ಜನಪದ" ಅಂತ ಇದೆ. ಅಂಗಡಿ ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರ ತನಕ ತೆರೆದಿರುತ್ತದೆ, ಯಾರನ್ನಾದರೂ ಕಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಕಚೇರಿ ಎದುರಿನ ಡಿಟಿಪಿ ಅಂಗಡಿಯವಳು